ಗೊತ್ತಿಲ್ಲದ ಕೋನ ಹಿಡಿಯಲು ಹನ್ನೊಂದು ಸೂತ್ರಗಳು

ಶಾಲೆಯ ಗೋಡೆಯ ಮೇಲೆ ಗದಗ ಜಿಲ್ಲೆಯ ನಕಾಶೆ ಇದ್ದರೆ ಅದರ ಮುಂದೆ ನಿಂತುಕೊಳ್ಳಿ. ನರಗುಂದ, ರೋಣ, ಗಜೇಂದ್ರಗಡ ಮೂರೂ ಊರಿಗೆ ಚುಕ್ಕೆ ಇಟ್ಟು, ಪಟ್ಟಿ ಹಿಡಿದು ಗೆರೆ ಎಳೆಯಿರಿ. ಪುಸ್ತಕದಲ್ಲಿ ಕಾಣುವಂಥ ಚೆಂದದ ತ್ರಿಭುಜ ಬರುವುದಿಲ್ಲ. ಪಶ್ಚಿಮಕ್ಕೆ ನರಗುಂದ, ಪೂರ್ವಕ್ಕೆ ಗಜೇಂದ್ರಗಡ, ನಡುವೆ ಸ್ವಲ್ಪವೇ ದಕ್ಷಿಣಕ್ಕೆ ಸರಿದ ರೋಣ. ಮೂರೂ ಹೆಚ್ಚುಕಡಿಮೆ ಒಂದೇ ಗೆರೆಯ ಮೇಲೆ ಕೂತಿವೆ. ರೋಣದ ಮೂಲೆಗೆ ಕೋನಮಾಪಕ ಹಚ್ಚಿದರೆ 150 ಡಿಗ್ರಿ ದಾಟುತ್ತದೆ. ಅಷ್ಟು ತಿಳಿಯಿತೆಂದರೆ ಉಳಿದ ಎರಡು ಮೂಲೆಗಳನ್ನು ಮುಟ್ಟುವ ಕೆಲಸವೇ ಇಲ್ಲ. ನರಗುಂದದ ಕೋನ, ಗಜೇಂದ್ರಗಡದ ಕೋನ ಎರಡೂ ಸೇರಿ 30 ಡಿಗ್ರಿಯ ಒಳಗೇ ಇರಬೇಕು.

ಕೋನದ ಲೆಕ್ಕದಲ್ಲಿ ಅಂಕ ಕಳೆದುಕೊಳ್ಳುವ ಮಕ್ಕಳಿಗೆ 180 ಗೊತ್ತಿಲ್ಲ ಎಂದು ತಿಳಿಯಬೇಡಿ. 180 ಎಲ್ಲರಿಗೂ ಬಾಯಿಪಾಠ. ಅವರಿಗೆ ಕಾಣದೇ ಹೋಗುವುದು ಆಕೃತಿಯಲ್ಲಿ ಅಡಗಿರುವ ಸುಳಿವು: ಒಂದು ಸಮ ಬಾಹು, ಒಂದು ಸಮಾಂತರ ಗೆರೆ, ಒಂದು ನೇರ ಗೆರೆ. ಈ ಸೂತ್ರಗಳೆಲ್ಲ ಅದನ್ನು ಕಾಣುವುದಕ್ಕೆ. ಏಳನೇ ತರಗತಿಯವರಿಂದ ಎಸ್ಸೆಸ್ಸೆಲ್ಸಿವರೆಗೆ ಎಲ್ಲರಿಗೂ ಉಪಯೋಗಕ್ಕೆ ಬರುತ್ತವೆ.

1. ಲೆಕ್ಕಕ್ಕೆ ಕೈ ಹಾಕುವ ಮೊದಲು ಆಕೃತಿ ಓದಿ

ಎರಡು ಬಾಹುಗಳ ಮೇಲೆ ಒಂದೇ ಥರದ ಸಣ್ಣ ಅಡ್ಡಗೀಟು ಇದ್ದರೆ ಅವು ಸಮ. ಬಾಣದ ಗುರುತಿದ್ದರೆ ಸಮಾಂತರ. ಮೂಲೆಯಲ್ಲಿ ಪುಟ್ಟ ಚೌಕ ಇದ್ದರೆ ಲಂಬಕೋನ. ಪ್ರಶ್ನೆಯ ಮಾತಿನಲ್ಲಿ "ಪಿಕ್ಯೂ = ಪಿಆರ್" ಎಂದು ಬರೆದಿದ್ದರೆ ಅದನ್ನು ಪೆನ್ಸಿಲಿನಿಂದ ಆಕೃತಿಗೆ ಇಳಿಸಿ. ಆಕೃತಿ ಕೊಡದೇ ಇದ್ದರೆ ನೀವೇ ಬರೆದುಕೊಳ್ಳಿ, ದೊಡ್ಡದಾಗಿ ಬರೆದುಕೊಳ್ಳಿ. ಕಾಗದ ಉಳಿಸುವ ಜಾಗ ಇದಲ್ಲ.

2. 180 ಎಲ್ಲಿಂದ ಬಂತೆಂದು ಒಮ್ಮೆ ಕಣ್ಣಾರೆ ನೋಡಿ

ಯಾವುದೇ ತ್ರಿಭುಜ ಬರೆಯಿರಿ. ಅದರ ತುದಿಯ ಮೂಲಕ, ಪಾದಕ್ಕೆ ಸಮಾಂತರವಾಗಿ ಒಂದು ಗೆರೆ ಎಳೆಯಿರಿ. ಪಾದದ ಎಡಗಡೆಯ ಕೋನ ಮೇಲಿನ ಗೆರೆಯ ಎಡಗಡೆಗೆ ಪರ್ಯಾಯ ಕೋನವಾಗಿ ಬಂದು ಕೂರುತ್ತದೆ, ಬಲಗಡೆಯದು ಬಲಕ್ಕೆ. ನಡುವೆ ತುದಿಯ ಕೋನ ಮೊದಲೇ ಇದೆ. ಮೂರೂ ಸೇರಿ ಒಂದು ನೇರ ಗೆರೆ, ಅಂದರೆ ಸರಳಕೋನ, 180. ಯೂಕ್ಲಿಡ್ ತನ್ನ ಮೊದಲ ಪುಸ್ತಕದ 32ನೇ ಪ್ರಮೇಯದಲ್ಲಿ ಸಾಧಿಸಿದ್ದು ಇದನ್ನೇ. ಇಷ್ಟನ್ನು ಒಮ್ಮೆ ಅರ್ಥ ಮಾಡಿಕೊಂಡವರು "ತ್ರಿಭುಜಕ್ಕೆ 180, ಚತುರ್ಭುಜಕ್ಕೆ 360" ಎಂಬುದನ್ನು ತಿರುವುಮುರುವು ಮಾಡುವುದಿಲ್ಲ.

ಕೋನಮಾಪಕದಿಂದ ಅಳೆದು ಕೂಡಿದರೆ ಕೆಲವೊಮ್ಮೆ 178 ಬರುತ್ತದೆ, ಕೆಲವೊಮ್ಮೆ 182. ಅದು ಪೆನ್ಸಿಲಿನ ದಪ್ಪದ್ದು, ಕೈ ಅಲುಗಾಟದ್ದು. ಪ್ರಮೇಯದ್ದಲ್ಲ.

3. ಎರಡು ಗೊತ್ತಿದ್ದರೆ ಮೊದಲು ಕೂಡಿ, ಆಮೇಲೆ ಕಳೆಯಿರಿ

47 ಮತ್ತು 68 ಕೊಟ್ಟಿದ್ದಾರೆ. ಕೂಡಿದರೆ 115. 180ರಿಂದ ಕಳೆದರೆ 65. ಒಂದೊಂದಾಗಿ ಎರಡು ಸಲ ಕಳೆಯಲು ಹೋದರೆ ತಪ್ಪಲು ಎರಡು ಅವಕಾಶ. ಇದರ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

4. ಲಂಬಕೋನ ಕಂಡರೆ 90ರೊಳಗೇ ಲೆಕ್ಕ ಮುಗಿಸಿ

ಒಂದು ಮೂಲೆ 90 ತಿಂದಿತು ಎಂದ ಮೇಲೆ ಉಳಿದ ಎರಡಕ್ಕೆ 90 ಮಾತ್ರ ಉಳಿಯಿತು. 90 ಮತ್ತು 37 ಕೊಟ್ಟರೆ ಮೂರನೆಯದು 53, ಬಾಯಲ್ಲೇ.

ಶಾಲೆಯ ಅಂಗಳದಲ್ಲಿ ಇದನ್ನು ಬಿಸಿಲಿನಿಂದಲೇ ಕಲಿಯಬಹುದು. ಮಾರ್ಚ್ 21 ಅಥವಾ ಸೆಪ್ಟೆಂಬರ್ 23ರ ಹೊತ್ತಿಗೆ ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿ. ಕೋಲು, ಅದರ ನೆರಳು, ಕೋಲಿನ ತುದಿಯಿಂದ ನೆರಳಿನ ತುದಿಗೆ ಹಿಡಿದ ದಾರ: ಇದೇ ಲಂಬಕೋನ ತ್ರಿಭುಜ. ನೆರಳು ಅತಿ ಗಿಡ್ಡವಾದಾಗ ಅಳೆಯಬೇಕು. ನಮ್ಮ ಕಡೆ ಆ ಗಳಿಗೆ ಗಡಿಯಾರದ 12ಕ್ಕೆ ಬರುವುದಿಲ್ಲ, ಸುಮಾರು 12.30ರ ಆಚೀಚೆ ಬರುತ್ತದೆ. ಭಾರತದ ಗಡಿಯಾರವೆಲ್ಲ 82.5 ಡಿಗ್ರಿ ರೇಖಾಂಶದ್ದು, ರೋಣ ಇರುವುದು ಅದಕ್ಕಿಂತ ಸುಮಾರು ಏಳು ಡಿಗ್ರಿ ಪಶ್ಚಿಮಕ್ಕೆ. ಆಗ ನೆರಳು ಸುಮಾರು 28 ಸೆಂಟಿಮೀಟರ್ ಇರುತ್ತದೆ, ನೆಲದ ಹತ್ತಿರದ ಕೋನ ಸುಮಾರು 74. ಕೋಲಿನ ತುದಿಯ ಕೋನ ಅಳೆಯುವುದು ಕಷ್ಟ, ಅಳೆಯುವುದೂ ಬೇಡ: 90ರಿಂದ 74 ಕಳೆದರೆ 16. ಆ 16 ಸುಮ್ಮನೆ ಬಂದ ಸಂಖ್ಯೆಯಲ್ಲ. ನರಗುಂದ, ರೋಣ, ಗಜೇಂದ್ರಗಡಗಳ ಅಕ್ಷಾಂಶವೇ ಹೆಚ್ಚುಕಡಿಮೆ ಅಷ್ಟು, 16ಕ್ಕೆ ತುಸು ಕಡಿಮೆ. ಒಂದು ಕೋಲು, ಒಂದು ಕಳೆಯುವ ಲೆಕ್ಕ, ಭೂಮಿಯ ಮೇಲೆ ನಮ್ಮೂರು ಎಲ್ಲಿದೆ ಎಂಬುದು ಕೈಗೆ ಬಂತು. ಮೇ ತಿಂಗಳ ಮೊದಲ ವಾರದಲ್ಲಿ ಒಂದು ದಿನ ಸೂರ್ಯ ನೆತ್ತಿಯ ಮೇಲೇ ಬಂದು ನೆರಳೇ ಇಲ್ಲದಂತಾಗುತ್ತದೆ. ಆಗಸ್ಟ್ ಎರಡನೇ ವಾರದ ಹೊತ್ತಿಗೆ ಮತ್ತೊಂದು ಸಲ. ಅವತ್ತು ಈ ಪ್ರಯೋಗ ಮಾಡಬೇಡಿ, ತ್ರಿಭುಜವೇ ಇರುವುದಿಲ್ಲ.

5. ಸಮ ಬಾಹು ಕಂಡರೆ ಸಮ ಕೋನ ಬರೆದುಬಿಡಿ

ಅತಿ ಹೆಚ್ಚು ಮಕ್ಕಳು ಎಡವುವ ಜಾಗ ಇದು, ಅದಕ್ಕೇ ಸ್ವಲ್ಪ ಉದ್ದ ಹೇಳುತ್ತೇನೆ. "ಎರಡು ಬಾಹು ಸಮ" ಎಂದು ಹೇಳಿದರೆಂದರೆ ಎರಡು ಕೋನ ಸಮ ಎಂದೂ ಹೇಳಿದಂತೆಯೇ. ಸಂಖ್ಯೆ ಕೊಟ್ಟಿಲ್ಲ ಎಂದು ಪರದಾಡಬೇಡಿ.

ಗಜೇಂದ್ರಗಡದ ಗುಡ್ಡಗಳ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳನ್ನು ನೋಡಿ. ಮೂರು ರೆಕ್ಕೆ, ಮೂರರದೂ ಒಂದೇ ಉದ್ದ. ನಡುವಿನ 360 ಡಿಗ್ರಿ ಮೂರು ಪಾಲಾಗಿ, ಎರಡು ರೆಕ್ಕೆಗಳ ನಡುವೆ 120. ಈಗ ಎರಡು ರೆಕ್ಕೆಗಳ ತುದಿಗಳನ್ನು ಮನಸ್ಸಿನಲ್ಲೇ ಒಂದು ಗೆರೆಯಿಂದ ಸೇರಿಸಿ. ಸಮದ್ವಿಬಾಹು ತ್ರಿಭುಜ ಸಿಕ್ಕಿತು. 180ರಿಂದ 120 ಹೋದರೆ 60, ಅದು ಎರಡು ಸಮ ಪಾಲು: 30, 30. ಮೂರೂ ತುದಿ ಸೇರಿಸಿದರೆ ಪ್ರತಿ ಮೂಲೆಯಲ್ಲೂ 30ಕ್ಕೆ 30 ಕೂಡಿ 60, ಅಂದರೆ ಸಮಬಾಹು ತ್ರಿಭುಜ. ರೆಕ್ಕೆ ಎಷ್ಟು ಮೀಟರ್ ಉದ್ದ ಎಂಬ ಮಾತೇ ಬರಲಿಲ್ಲ, ಗಮನಿಸಿ.

ಕಸೂತಿ ಹಾಕುವ ಅಕ್ಕಂದಿರಿಗೆ 45 ಡಿಗ್ರಿ ಕೈಯಲ್ಲೇ ಇದೆ. ಬಟ್ಟೆಯ ಎಳೆ ಎಣಿಸಿ, ಅಡ್ಡಕ್ಕೆ ಎಷ್ಟೋ ಉದ್ದಕ್ಕೂ ಅಷ್ಟೇ ಎಳೆ ಹೋಗಿ ಓರೆ ಹೊಲಿಗೆ ಹಾಕಿದರೆ ಲಂಬಕೋನ ಸಮದ್ವಿಬಾಹು ತ್ರಿಭುಜ: 90, 45, 45. ಹಾಸು ಹೊಕ್ಕು ಎರಡರ ಎಳೆಯೂ ಒಂದೇ ದಟ್ಟಣೆ ಇರಬೇಕು ಅಷ್ಟೆ. ಇಲ್ಲದಿದ್ದರೆ ಎಣಿಕೆ ಸಮ ಇದ್ದರೂ ಉದ್ದ ಸಮ ಇರುವುದಿಲ್ಲ, ಕೋನ 45 ಬಿಟ್ಟು ಜಾರುತ್ತದೆ.

ಎರಡು ಎಚ್ಚರಿಕೆ. ಒಂದು: ಸಮ ಕೋನಗಳು ಇರುವುದು ಸಮ ಬಾಹುಗಳ ಎದುರಿಗೆ, ಅಂದರೆ ಮೂರನೇ ಬಾಹುವಿನ ಎರಡು ತುದಿಯಲ್ಲಿ. ಪ್ರಶ್ನೆಪತ್ರಿಕೆಯವರು ಆಕೃತಿಯನ್ನು ಅಡ್ಡ ಮಲಗಿಸಿ ಕೊಡುತ್ತಾರೆ, ಆಗ "ಕೆಳಗಿನ ಎರಡು ಕೋನ ಸಮ" ಎಂಬ ಕಂಠಪಾಠ ಕೈಕೊಡುತ್ತದೆ. ಎರಡು: "ಸಮದ್ವಿಬಾಹು ತ್ರಿಭುಜದ ಒಂದು ಕೋನ 40, ಉಳಿದವು ಎಷ್ಟು?" ಎಂದು ಕೇಳಿದರೆ ಉತ್ತರ ಎರಡು. 40 ತುದಿಯ ಕೋನವಾದರೆ 70, 70. ಪಾದದ ಕೋನವಾದರೆ 40, 100. ಅದೇ 100 ಕೊಟ್ಟಿದ್ದರೆ ಉತ್ತರ ಒಂದೇ, ಏಕೆಂದರೆ ಎರಡು 100 ಒಂದು ತ್ರಿಭುಜದಲ್ಲಿ ಹಿಡಿಸುವುದಿಲ್ಲ.

ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು "ಗಣಿತಸಾರ ಸಂಗ್ರಹ"ದಲ್ಲಿ ತ್ರಿಭುಜಗಳನ್ನು ಸಮ, ದ್ವಿಸಮ, ವಿಷಮ ಎಂದು ಮೂರು ಬಗೆ ಮಾಡಿದ್ದು ಬಾಹುಗಳನ್ನು ನೋಡಿಯೇ. ನೀವೂ ಕೋನದ ಪ್ರಶ್ನೆ ಬಂದಾಗ ಮೊದಲು ಬಾಹು ನೋಡಿ.

6. ಹೊರಕೋನ ಎಂಬ ಒಳದಾರಿ ಬಳಸಿ

ತ್ರಿಭುಜದ ಒಂದು ಬಾಹುವನ್ನು ಹೊರಗೆ ಬೆಳೆಸಿದರೆ ಆಗುವ ಹೊರಕೋನ, ದೂರದ ಎರಡು ಒಳಕೋನಗಳ ಮೊತ್ತಕ್ಕೆ ಸಮ. ಪಕ್ಕದ ಕೋನ ಕಂಡುಹಿಡಿದು, 180ರಿಂದ ಕಳೆದು, ಮತ್ತೆ ಕಳೆದು ಸುತ್ತಿ ಬರುವ ಬದಲು ಒಂದೇ ಹೆಜ್ಜೆ. ಹೊರಕೋನ 110, ದೂರದ ಒಂದು ಒಳಕೋನ 45 ಎಂದರೆ ಇನ್ನೊಂದು 65, ಮುಗಿಯಿತು.

ಇದರ ನಿಜವಾದ ಬಲ ನೋಡಬೇಕೆಂದರೆ ನರಗುಂದದ ಗುಡ್ಡಕ್ಕೆ ಬನ್ನಿ. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಬಾಬಾಸಾಹೇಬರ ಕೋಟೆ ಇರುವ ಗುಡ್ಡ. ಸುತ್ತ ಸಪಾಟಾದ ಎರಿ ಹೊಲ, ನಡುವೆ ಎದ್ದು ನಿಂತ ಗುಡ್ಡ. ಹತ್ತನೇ ತರಗತಿಯ ಉನ್ನತ ಕೋನದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಕೋನಮಾಪಕವನ್ನು ತಲೆಕೆಳಗೆ ಹಿಡಿದು, ಅದರ ನಡುಬಿಂದುವಿನಿಂದ ದಾರಕ್ಕೆ ಒಂದು ಕಲ್ಲು ಕಟ್ಟಿ ಇಳಿಬಿಡಿ. ನೇರ ಅಂಚಿನ ಗುಂಟ ಗುಡ್ಡದ ತುದಿ ನೋಡಿ, ದಾರ ಯಾವ ಅಂಕಿಯ ಮೇಲೆ ಬಿತ್ತೆಂದು ಗೆಳೆಯನಿಗೆ ಓದಲು ಹೇಳಿ. ಅದಕ್ಕೂ 90ಕ್ಕೂ ಇರುವ ವ್ಯತ್ಯಾಸವೇ ಉನ್ನತ ಕೋನ.

ಉದಾಹರಣೆಗೆ ಒಂದು ಕಡೆ ನಿಂತಾಗ 10 ಡಿಗ್ರಿ ಬಂತು ಎನ್ನಿ. ಗುಡ್ಡದ ತುದಿಯ ಕಡೆಗೇ ನೇರವಾಗಿ, ಸಪಾಟು ನೆಲದಲ್ಲಿ ನಡೆಯುತ್ತಾ ಹೋಗಿ, 20 ಡಿಗ್ರಿ ಬಂದಲ್ಲಿ ನಿಲ್ಲಿ. ನಡೆದ ದೂರ 400 ಮೀಟರ್ ಆಗಿದ್ದರೆ, ನೀವು ನಿಂತ ಜಾಗದಿಂದ ಗುಡ್ಡದ ತುದಿಗೆ ನೇರ ಗೆರೆಯ ದೂರವೂ 400 ಮೀಟರ್. ಹೇಗೆ? ಮೊದಲ ಜಾಗ, ಎರಡನೇ ಜಾಗ, ಗುಡ್ಡದ ತುದಿ ಮೂರೂ ಸೇರಿ ತ್ರಿಭುಜ. 20 ಅದರ ಹೊರಕೋನ, 10 ದೂರದ ಒಂದು ಒಳಕೋನ. ಹಾಗಾದರೆ ಗುಡ್ಡದ ತುದಿಯಲ್ಲಿ, ಯಾರೂ ಹತ್ತಿ ಅಳೆಯದ ಮೂಲೆಯಲ್ಲಿ, ಇರುವ ಕೋನ 20ರಲ್ಲಿ 10 ಹೋಗಿ 10. ಎರಡು ಕೋನ ಸಮ, ಅವುಗಳ ಎದುರಿನ ಬಾಹುಗಳೂ ಸಮ. ಇಲ್ಲಿಂದ ಎತ್ತರ ಬೇಕಾದರೆ ಸೈನ್ 20 ಅಂದರೆ 0.342, ಅದನ್ನು 400ರಿಂದ ಗುಣಿಸಿ. ನಿಮ್ಮ ಕಣ್ಣಿನ ಮಟ್ಟದಿಂದ ಸುಮಾರು 137 ಮೀಟರ್. ಈ ಅಂಕಿಗಳು ಲೆಕ್ಕ ತೋರಿಸಲು ಮಾತ್ರ, ನರಗುಂದದ ನಿಜವಾದ ಅಂಕಿ ನೀವೇ ತನ್ನಿ. ಹಡಗಿನವರು ದಡದ ದೀಪಸ್ತಂಭ ಎಷ್ಟು ದೂರ ಎಂದು ತಿಳಿಯಲು ಇದೇ ಕೋನ ಇಮ್ಮಡಿಸುವ ಉಪಾಯ ಬಳಸುತ್ತ ಬಂದಿದ್ದಾರೆ. ಸಮುದ್ರವೇ ಇಲ್ಲದ ನಮಗೆ ಎರಿ ಹೊಲ ಸಾಕು.

7. ಸಮಾಂತರ ಗೆರೆ ಕೋನವನ್ನು ಸಾಗಿಸುತ್ತದೆ

ಸಮಾಂತರ ಗೆರೆಗಳ ನಡುವೆ ಇಂಗ್ಲಿಷಿನ ಝಡ್ ಅಕ್ಷರ ಕಂಡರೆ ಪರ್ಯಾಯ ಕೋನಗಳು ಸಮ, ಎಫ್ ಕಂಡರೆ ಅನುರೂಪ ಕೋನಗಳು ಸಮ. ಗಜೇಂದ್ರಗಡದ ಕಾಲಕಾಲೇಶ್ವರ ಗುಡಿಗೆ ಪಾವಟಿಗೆ ಹತ್ತುವಾಗ ಪಕ್ಕದಿಂದ ನೋಡಿ. ಪ್ರತಿ ಪಾವಟಿಗೆಯ ಮೇಲ್ಮೈ ನೆಲಕ್ಕೆ ಸಮಾಂತರ. ಪಾವಟಿಗೆಗಳ ಅಂಚುಗಳ ಮೇಲೆ ಒಂದು ನೆಟ್ಟನೆಯ ಬಿದಿರು ಮಲಗಿಸಿದರೆ ಅದು ಅವನ್ನೆಲ್ಲ ಛೇದಿಸುವ ಗೆರೆ. ಕೆಳಗೆ ನೆಲದ ಜೊತೆ ಅದು 35 ಡಿಗ್ರಿ ಮಾಡಿದರೆ, ಪ್ರತಿ ಪಾವಟಿಗೆಯ ಜೊತೆಗೂ 35, ಬಿದಿರಿನ ಕೆಳಗೆ ಆಗುವ ಪ್ರತಿ ಪುಟ್ಟ ಲಂಬಕೋನ ತ್ರಿಭುಜದ ಮೂರನೇ ಕೋನ 55. (ಹಳೇ ಕಲ್ಲಿನ ಪಾವಟಿಗೆ ಎಲ್ಲೂ ಅಷ್ಟು ಶಿಸ್ತಾಗಿರುವುದಿಲ್ಲ, ಲೆಕ್ಕ ಶಿಸ್ತಾಗಿರುತ್ತದೆ.) ತ್ರಿಭುಜದೊಳಗೆ ಪಾದಕ್ಕೆ ಸಮಾಂತರವಾಗಿ ಗೆರೆ ಎಳೆದು ಕೋನ ಕೇಳಿದಾಗಲೂ ಇದೇ. ಪಾದದ ಕೋನ ಮೇಲಿನ ಗೆರೆಗೆ ಹಾಗೇ ಏರಿ ಬರುತ್ತದೆ.

8. ಎಕ್ಸ್ ಸಿಕ್ಕ ಕೂಡಲೇ ಪೆನ್ನು ಕೆಳಗಿಡಬೇಡಿ

ಕೋನಗಳು 2:3:4 ಅನುಪಾತದಲ್ಲಿವೆ ಎಂದರೆ ಒಟ್ಟು 9 ಪಾಲು, ಪಾಲಿಗೆ 20. ಕೋನಗಳು 40, 60, 80. ಎಕ್ಸ್, ಎಕ್ಸ್ + 20, 2ಎಕ್ಸ್ ಎಂದು ಕೊಟ್ಟರೆ 4ಎಕ್ಸ್ + 20 = 180, ಎಕ್ಸ್ 40. ಇಲ್ಲಿಗೆ ನಿಲ್ಲಿಸಿ ಕೂತವರೆಷ್ಟೋ! ಪ್ರಶ್ನೆಯಲ್ಲಿ ಕೇಳಿದ್ದು ದೊಡ್ಡ ಕೋನ, ಉತ್ತರ 80. ಕೊನೆಯ ಸಾಲು ಬರೆಯುವ ಮೊದಲು ಪ್ರಶ್ನೆಯ ಕೊನೆಯ ಸಾಲು ಓದಿ.

9. ದೊಡ್ಡ ಆಕೃತಿಯನ್ನು ತ್ರಿಭುಜಗಳಾಗಿ ಒಡೆಯಿರಿ

ನಮ್ಮ ಕಡೆ ಮುಂಬಯಿ ಪ್ರಾಂತದಲ್ಲಿದ್ದ ಕಾಲದ ಮೋಜಣಿದಾರರಿಗೆ ಇದು ದಿನದ ಕೆಲಸವಾಗಿತ್ತು. 33 ಅಡಿ ಚೌಕ ಒಂದು ಗುಂಟೆ, 40 ಗುಂಟೆ ಒಂದು ಎಕರೆ. ಆದರೆ ಹೊಲವೇನು ಚೌಕವಾಗಿ ಇರುತ್ತದೆಯೇ? ಹಳ್ಳ ಬಂದಲ್ಲಿ ಬಾಗುತ್ತದೆ, ದಾರಿ ಬಂದಲ್ಲಿ ಮುರಿಯುತ್ತದೆ. ಅದಕ್ಕೇ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸರಪಳಿ ಎಳೆದು, ಅದಕ್ಕೆ ಅಲ್ಲಲ್ಲಿ ಲಂಬ ಹಾಕಿ, ಇಡೀ ಹೊಲವನ್ನು ತ್ರಿಭುಜ ಮತ್ತು ತ್ರಾಪಿಜ್ಯಗಳಾಗಿ ಒಡೆಯುತ್ತಿದ್ದರು. ನಾಲ್ಕು ಮೂಲೆಯ ಹೊಲಕ್ಕೆ ಒಂದು ಕರ್ಣ ಎಳೆದರೆ ಎರಡು ತ್ರಿಭುಜ, ಒಟ್ಟು 360. ಮೂರು ಮೂಲೆ 85, 110, 70 ಇದ್ದರೆ ನಾಲ್ಕನೆಯದು 95. ಐದು ಮೂಲೆಯಾದರೆ ಮೂರು ತ್ರಿಭುಜ, 540.

ವೃತ್ತದ ಲೆಕ್ಕದಲ್ಲಿ ತ್ರಿಭುಜ ಬಚ್ಚಿಟ್ಟುಕೊಂಡಿರುತ್ತದೆ. ಕೇಂದ್ರಕ್ಕೆ ಗೆರೆ ಎಳೆಯಿರಿ, ಹೊರಗೆ ಬರುತ್ತದೆ. ಹೊರಗಿನ ಬಿಂದುವಿನಿಂದ ಎಳೆದ ಎರಡು ಸ್ಪರ್ಶಕಗಳ ನಡುವೆ 80 ಡಿಗ್ರಿ. ಸ್ಪರ್ಶ ಬಿಂದುವಿಗೆ ಎಳೆದ ಒಂದು ತ್ರಿಜ್ಯಕ್ಕೂ, ಕೇಂದ್ರವನ್ನು ಹೊರಬಿಂದುವಿಗೆ ಸೇರಿಸುವ ಗೆರೆಗೂ ನಡುವಿನ ಕೋನ ಎಷ್ಟು? ಆ ಗೆರೆ 80ನ್ನು ಅರ್ಧ ಮಾಡಿ 40 ಕೊಡುತ್ತದೆ. ಸ್ಪರ್ಶ ಬಿಂದುವಿನಲ್ಲಿ ತ್ರಿಜ್ಯ ಸ್ಪರ್ಶಕಕ್ಕೆ ಲಂಬ. 90ರಿಂದ 40 ಕಳೆದರೆ 50. ಎಸ್ಸೆಸ್ಸೆಲ್ಸಿಯವರು ಇದನ್ನು ಚೆನ್ನಾಗಿ ರೂಢಿಸಿಕೊಳ್ಳಿ.

10. ಕಣ್ಣಿನ ಸಲಹೆ ಕೇಳಿ, ಸಾಕ್ಷಿ ತೆಗೆದುಕೊಳ್ಳಬೇಡಿ

90ರ ಹಾಗೆ ಕಾಣುತ್ತದೆ ಎಂದು 90 ಬರೆಯುವಂತಿಲ್ಲ. ಪರೀಕ್ಷೆಯ ಆಕೃತಿಯನ್ನು ಅಳತೆಗೆ ತಕ್ಕಂತೆ ಬರೆದಿರುವುದಿಲ್ಲ. ಆದರೆ ಉತ್ತರ ಬಂದ ಮೇಲೆ ಕಣ್ಣಾಡಿಸಿ: ದೊಡ್ಡ ಬಾಹುವಿನ ಎದುರು ದೊಡ್ಡ ಕೋನ ಇದೆಯೇ? ಒಂದೇ ತ್ರಿಭುಜದಲ್ಲಿ ಎರಡು ವಿಶಾಲ ಕೋನ ಬಂದಿಲ್ಲವಷ್ಟೆ? ಬಾಹುಗಳ ಸುಳಿವೇ ಇಲ್ಲದೆ ಒಂದೇ ಒಂದು ಕೋನ ಕೊಟ್ಟಿದ್ದರೆ ಉಳಿದೆರಡು ಸಿಗುವುದಿಲ್ಲ. ಇನ್ನೇನೋ ಕೊಟ್ಟಿದ್ದಾರೆ, ನೀವು ನೋಡಿಲ್ಲ. ಒಂದನೇ ಸೂತ್ರಕ್ಕೆ ಹೋಗಿ.

ಕೊನೆಗೆ ಮೂರೂ ಕೋನ ಕೂಡಿ ನೋಡಿ. ದೊಡ್ಡವರೂ ಇದನ್ನು ಬಿಟ್ಟವರಲ್ಲ. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ, 1802ರಲ್ಲಿ ಮದ್ರಾಸಿನಲ್ಲಿ ಆಧಾರರೇಖೆ ಅಳೆದು, ತ್ರಿಭುಜಕ್ಕೆ ತ್ರಿಭುಜ ಜೋಡಿಸುತ್ತಾ ದಕ್ಷಿಣ ಭಾರತವನ್ನು ಅಳೆದರು. ಕೋನ ಅಳೆಯುವ ಅವರ ದೊಡ್ಡ ಥಿಯೊಡೊಲೈಟ್ ಯಂತ್ರದ ತೂಕವೇ ಸುಮಾರು ಅರ್ಧ ಟನ್. ಎರಡು ಕೋನ ಅಳೆದರೆ ಮೂರನೆಯದು ಕೂತಲ್ಲೇ ಸಿಗುತ್ತದೆಂದು ಮೋಜಣಿಯವರಿಗೆ ಗೊತ್ತಿತ್ತು. ಆದರೂ ಸಾಧ್ಯವಾದ ಕಡೆಯೆಲ್ಲ ಯಂತ್ರವನ್ನು ಮೂರನೇ ಗುಡ್ಡಕ್ಕೂ ಹೊತ್ತು ಅಳೆದರು, ಮೊತ್ತ ತಾಳೆ ನೋಡುವುದಕ್ಕೆ. ಭೂಮಿ ದುಂಡಗಿರುವುದರಿಂದ ದೊಡ್ಡ ತ್ರಿಭುಜಗಳಲ್ಲಿ ಮೊತ್ತ 180ಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಬರುತ್ತದೆ; ಅದನ್ನೂ ಲೆಕ್ಕ ಹಿಡಿಯುತ್ತಿದ್ದರು. ನಮ್ಮ ನರಗುಂದ, ರೋಣ, ಗಜೇಂದ್ರಗಡದ ತ್ರಿಭುಜದಲ್ಲಿ ಆ ಹೆಚ್ಚಳ ಒಂದು ಡಿಗ್ರಿಯ ಸಾವಿರದಲ್ಲಿ ಒಂದು ಭಾಗವೂ ಆಗುವುದಿಲ್ಲ. ಆದ್ದರಿಂದ ಪರೀಕ್ಷೆಯಲ್ಲಿ ಮೊತ್ತ 181 ಬಂದರೆ ಭೂಮಿಯ ಮೇಲೆ ಹಾಕಬೇಡಿ.

11. ಪ್ರತಿ ಹೆಜ್ಜೆಗೂ ಕಾರಣ ಬರೆಯಿರಿ

"65 ಡಿಗ್ರಿ" ಎಂದಷ್ಟೇ ಬರೆದರೆ ಸಾಲದು. "ಹೊರಕೋನವು ಅಂತರಾಭಿಮುಖ ಕೋನಗಳ ಮೊತ್ತಕ್ಕೆ ಸಮ", "ಸಮ ಬಾಹುಗಳ ಎದುರಿನ ಕೋನಗಳು" ಎಂದು ಪಕ್ಕದಲ್ಲೇ ಬರೆಯಿರಿ. ಸಾಧಿಸಿ ತೋರಿಸುವ ಪ್ರಶ್ನೆಗಾದರೆ ದತ್ತ, ಸಾಧನೀಯ, ರಚನೆ, ಸಾಧನೆ ನಾಲ್ಕೂ ಬೇಕು. ಅಂಕಕ್ಕಾಗಿ ಮಾತ್ರ ಇದನ್ನು ಹೇಳುತ್ತಿಲ್ಲ. ಕಾರಣ ಬರೆಯಲು ಕೂತಾಗ ಊಹೆ ಎಲ್ಲಿ ನುಸುಳಿತು ಎಂಬುದು ತಾನೇ ಸಿಕ್ಕಿಬೀಳುತ್ತದೆ.

ಈಗ ನಿಮ್ಮ ಸರದಿ. ಪಿಕ್ಯೂಆರ್ ತ್ರಿಭುಜದಲ್ಲಿ ಪಿಕ್ಯೂ = ಪಿಆರ್. ಪಿಆರ್ ಬಾಹುವಿನ ಮೇಲೆ ಎಸ್ ಎಂಬ ಬಿಂದುವಿದೆ; ಪಿಎಸ್ = ಕ್ಯೂಎಸ್ = ಕ್ಯೂಆರ್. ಒಂದು ಡಿಗ್ರಿಯ ಅಂಕಿಯನ್ನೂ ಕೊಟ್ಟಿಲ್ಲ. ಪಿ ಕೋನ ಎಷ್ಟು? ಉತ್ತರ 36, ಅದನ್ನು ನಾನೇ ಹೇಳಿಬಿಟ್ಟೆ, ಏಕೆಂದರೆ ಬೇಕಾದದ್ದು ಕಾರಣಗಳು. 180 ಹೇಗೂ ನಿಮ್ಮ ಕೈಯಲ್ಲಿದೆ. ಅದರ ಜೊತೆ 5, 6, 8ನೇ ಸೂತ್ರ ಸಾಕು. ಕೋನಮಾಪಕ ಕಂಪಾಸ್ ಪೆಟ್ಟಿಗೆಯಲ್ಲೇ ಇರಲಿ.